ಪರದೇಶದ ರಸ್ತೆಯಲ್ಲಿ ಲಾರಿ ಚಾಲಕನ ರಕ್ಷಣೆ ಯಾರ ಹೊಣೆ?

ಪ್ರಶ್ನೆ: ನನ್ನ ತಮ್ಮ ಶಿವಮೊಗ್ಗದಿಂದ ಉತ್ತರ ಭಾರತಕ್ಕೆ ಅಡಿಕೆ ಲೋಡು ಒಯ್ಯುವ ಲಾರಿಯ ಚಾಲಕ. ಕುವೈತಿನಲ್ಲಿ ಟ್ರೈಲರ್ ಓಡಿಸುವ ಕೆಲಸವಿದೆ ಎಂದು ಏಜೆಂಟರೊಬ್ಬರು ಕರೆಯುತ್ತಿದ್ದಾರೆ. ಹೊರದೇಶಗಳಲ್ಲಿ ಲಾರಿ ಅಡ್ಡಗಟ್ಟಿ ಚಾಲಕರನ್ನು ಹೊಡೆಯುತ್ತಾರೆ, ಅಪಹರಿಸುತ್ತಾರೆ ಎಂಬ ಸುದ್ದಿ ಕೇಳಿ ಅಮ್ಮ ಹೆದರಿದ್ದಾರೆ. ಅವನ ರಕ್ಷಣೆಗೆ ನಾವು ಏನು ಮಾಡಬಹುದು? (ರಿಪ್ಪನ್‌ಪೇಟೆಯಿಂದ ಓದುಗರೊಬ್ಬರು)

ಉತ್ತರ: ನಿಮ್ಮ ತಾಯಿಯವರ ಹೆದರಿಕೆಗೆ ಕಾರಣವಿಲ್ಲವೆಂದು ಹೇಳಲಾಗದು. ಆದರೆ ಕುವೈತಿನ ಒಳಗಿನ ಹೆದ್ದಾರಿಗಳಿಗಿಂತ ಹೆಚ್ಚಾಗಿ ವಿಚಾರಿಸಬೇಕಾದದ್ದು ನಿಮ್ಮ ತಮ್ಮನ ಲಾರಿ ಆ ದೇಶದ ಗಡಿ ದಾಟುತ್ತದೆಯೇ ಎಂಬುದನ್ನು. 2004ರ ಜುಲೈ ತಿಂಗಳಲ್ಲಿ ಇರಾಕಿನಲ್ಲಿ ಏಳು ಮಂದಿ ಲಾರಿ ಚಾಲಕರ ಅಪಹರಣವಾಯಿತು. ಅವರಲ್ಲಿ ಮೂವರು ಭಾರತೀಯರು, ಮೂವರು ಕೀನ್ಯಾದವರು, ಒಬ್ಬರು ಈಜಿಪ್ಟಿನವರು. ಎಲ್ಲರೂ ಕುವೈತಿನ ಸಾರಿಗೆ ಕಂಪನಿಯೊಂದರ ನೌಕರರು. ಆ ಕಂಪನಿ ಇರಾಕಿನಿಂದ ಕಾಲ್ತೆಗೆಯಬೇಕೆಂದು ಪಟ್ಟು ಹಿಡಿದ ಅಪಹರಣಕಾರರು ಚಾಲಕರನ್ನು ಸೆಪ್ಟೆಂಬರ್ 1ರಂದು ಬಿಡುಗಡೆ ಮಾಡಿದರು. ಸಿಟ್ಟು ಕಂಪನಿಯ ಮೇಲಿತ್ತು, ಸಿಕ್ಕಿಬಿದ್ದವರು ಚಾಲಕರು. ಆದ್ದರಿಂದ ಯಾವ ಯಾವ ದೇಶಗಳ ರಸ್ತೆಯಲ್ಲಿ ಲಾರಿ ಓಡಿಸಬೇಕು, ಒಪ್ಪಂದದಲ್ಲಿಲ್ಲದ ದೇಶಕ್ಕೆ ಹೋಗಲು ನಿರಾಕರಿಸಿದರೆ ಕೆಲಸ ಉಳಿಯುತ್ತದೆಯೇ ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಏಜೆಂಟರ ಬಾಯಿಮಾತು ಇಲ್ಲಿ ಸಾಲದು.

ಇನ್ನು ದರೋಡೆಯ ವಿಷಯ. ವೇಗವಾಗಿ ಓಡುವ ಲಾರಿಯನ್ನು ತಡೆಯುವುದು ದರೋಡೆಕೋರರಿಗೂ ಅಪಾಯದ ಕೆಲಸವಾದ್ದರಿಂದ ಅವರು ಸಾಮಾನ್ಯವಾಗಿ ನಿಂತ ಅಥವಾ ನಿಧಾನವಾದ ಲಾರಿಗಾಗಿ ಹೊಂಚು ಹಾಕುತ್ತಾರೆ. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಲೋಡು ಲಾರಿ ಮೊದಲನೇ ಗೇರಿನಲ್ಲಿ ಮುಕ್ಕರಿಯುತ್ತ ಹತ್ತುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಪಕ್ಕದಲ್ಲಿ ನಡೆಯುವವನೂ ಬಾಗಿಲಿಗೆ ಕೈ ಹಾಕಬಲ್ಲ. ದಕ್ಷಿಣ ಆಫ್ರಿಕದಲ್ಲಿ ಡರ್ಬನ್ ಮತ್ತು ಜೊಹಾನ್ಸ್‌ಬರ್ಗ್ ನಡುವಿನ ಎನ್3 ಹೆದ್ದಾರಿಯಲ್ಲಿ ವ್ಯಾನ್ ರೀನೆನ್ಸ್ ಪಾಸ್ ಎಂಬ ಘಾಟಿಯಿದೆ. 2023ರ ಜುಲೈಯ ಒಂದು ರಾತ್ರಿ ಬಂದೂಕುಧಾರಿಗಳು ಅಲ್ಲಿ ಚಾಲಕರನ್ನು ಕೆಳಗಿಳಿಸಿ ಲಾರಿಗಳಿಗೆ ಬೆಂಕಿ ಹಚ್ಚಿದರು. ಅವರು ಸರಕು ದೋಚಲು ಬಂದವರಾಗಿರಲಿಲ್ಲ. ವಿದೇಶಿ ಚಾಲಕರನ್ನು ನೇಮಿಸಿಕೊಳ್ಳುವುದರ ವಿರುದ್ಧ ಆ ದೇಶದಲ್ಲಿ ಹಿಂದಿನಿಂದಲೂ ಅಸಮಾಧಾನವಿದ್ದು, ಹೊರಗಿನಿಂದ ಹೋದ ಚಾಲಕ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಮೆಕ್ಸಿಕೋದ ಹೆದ್ದಾರಿಗಳಲ್ಲಿ ದರೋಡೆಕೋರರು ಜಿಪಿಎಸ್ ಸಂಕೇತವನ್ನೇ ಕೆಡಿಸುವ ಜಾಮರ್ ಬಳಸುತ್ತಾರೆ. ಹೀಗಾಗಿ ‘ನಮ್ಮ ಲಾರಿಗೆಲ್ಲ ಜಿಪಿಎಸ್ ಇದೆ’ ಎಂದು ಕಂಪನಿ ಹೇಳಿದ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ. ಸಂಕೇತ ನಿಂತಾಗ ಅದನ್ನು ಗಮನಿಸುವವರು ರಾತ್ರಿಯೂ ಎಚ್ಚರವಾಗಿರುತ್ತಾರೆಯೇ, ಅವರು ಯಾರಿಗೆ ಫೋನ್ ಮಾಡುತ್ತಾರೆ ಎಂದು ಕೇಳಬೇಕು.

ಲಾರಿ ಎಲ್ಲಿ ನಿಲ್ಲಬೇಕೆಂಬುದು ಚಾಲಕನ ಇಷ್ಟಕ್ಕೆ ಬಿಟ್ಟ ವಿಷಯವೆಂದು ನಾವು ಭಾವಿಸುತ್ತೇವೆ. ಯುರೋಪಿಯನ್ ಒಕ್ಕೂಟದ ನಿಯಮದಂತೆ ನಾಲ್ಕೂವರೆ ತಾಸು ಓಡಿಸಿದ ಚಾಲಕ 45 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. ನಿಯಮ ಒಳ್ಳೆಯದೇ, ಆದರೆ ಸುರಕ್ಷಿತ ನಿಲ್ದಾಣ ಸಿಗುವ ಮೊದಲೇ ಅವಧಿ ಮುಗಿದರೆ ಚಾಲಕ ರಸ್ತೆಯ ಬದಿಯಲ್ಲೇ ನಿಲ್ಲಿಸುತ್ತಾನೆ, ಟಾರ್ಪಾಲು ಕೊಯ್ಯುವವರು ಬರುವುದೂ ಅಲ್ಲಿಗೇ. ಬೇಲಿ, ಬೆಳಕು, ಕ್ಯಾಮೆರಾ, ಕಾವಲಿನ ಮಟ್ಟ ನೋಡಿ ಲಾರಿ ನಿಲ್ದಾಣಗಳಿಗೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂಬ ದರ್ಜೆಗಳನ್ನು ಆ ಒಕ್ಕೂಟ ಗೊತ್ತುಮಾಡಿದೆ. ಆದರೂ ಅಂಥ ನಿಲ್ದಾಣದ ಶುಲ್ಕವನ್ನು ಕಂಪನಿ ಕೊಡದೆ ಚಾಲಕನೇ ತೆರಬೇಕಾಗಿ ಬಂದರೆ, ಮನೆಗೆ ನಾಲ್ಕು ಕಾಸು ಹೆಚ್ಚು ಕಳಿಸಲು ಹೊರಟವನು ಕತ್ತಲೆಯ ಮೂಲೆಯಲ್ಲೇ ಮಲಗುವುದು ಖಚಿತ.

ನನ್ನ ದೃಷ್ಟಿಯಲ್ಲಿ ಒಪ್ಪಂದದ ಅತಿ ಮುಖ್ಯವಾದ ಸಾಲು ಕಳುವಾದ ಸರಕಿನ ನಷ್ಟವನ್ನು ಯಾರು ಹೊರಬೇಕೆಂಬುದು. ಬಂದೂಕು ತೋರಿಸಿದಾಗ ಕೀಲಿಕೈ ಕೊಟ್ಟು, ಕೈಗಳು ಕಾಣುವಂತೆ ಇಟ್ಟುಕೊಂಡು, ಎದುರಾಡದೆ ಇಳಿಯಬೇಕೆಂದು ಈ ಕ್ಷೇತ್ರದ ತಿಳಿವಳಿಕೆಯುಳ್ಳವರೆಲ್ಲ ಹೇಳುತ್ತಾರೆ. ಆದರೆ ಲೋಡು ಹೋದರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಂಬ ಭಯವಿರುವ ಚಾಲಕ ಆ ಗಳಿಗೆಯಲ್ಲಿ ಹೋರಾಡಲು ನಿಲ್ಲುತ್ತಾನೆ. ತಡವಾದರೆ ದಂಡ ಹಾಕುವ ಕಂಪನಿಯೂ ಅಷ್ಟೇ: ಚಾಲಕನನ್ನು ಅಪರಾತ್ರಿಯಲ್ಲಿ ಅಪಾಯದ ದಾರಿಗೆ ತಳ್ಳುವುದು ಆ ದಂಡವೇ. ನಮ್ಮೂರಿನ ಅಡಿಕೆ ಲಾರಿಗಳಿಗೂ ಇದು ಅನ್ವಯಿಸುತ್ತದೆ ಎಂಬುದನ್ನು ಮಾಲೀಕರು ಗಮನಿಸಿದರೆ ಒಳ್ಳೆಯದು.

ಈಗ ಇಲ್ಲಿ ಮಾಡಬೇಕಾದ ಕೆಲಸಗಳು. ನಿಮ್ಮ ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲದಿದ್ದರೆ ಅವರ ಪಾಸ್‌ಪೋರ್ಟ್ ವಲಸೆ ಅನುಮತಿ ಬೇಕಾದ ವರ್ಗಕ್ಕೆ ಸೇರುತ್ತದೆ. ಆಗ ಕುವೈತಿನ ಕೆಲಸಕ್ಕೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ಅನುಮತಿ ಪಡೆಯಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯವಾಗಿದ್ದು, ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ ಅದರಲ್ಲಿ 10 ಲಕ್ಷ ರೂಪಾಯಿಯ ವಿಮೆಯಿದೆ. ವಿಚಿತ್ರವೆಂದರೆ, ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಈ ಅನುಮತಿ ಬೇಕಿಲ್ಲದ ಕಾರಣ ಈ ರಕ್ಷಣೆಯೂ ತಾನಾಗಿ ಒದಗುವುದಿಲ್ಲ. ಅಂಥವರು ತಾವಾಗಿಯೇ ಹೆಸರು ನೋಂದಾಯಿಸಿಕೊಳ್ಳಬೇಕು. ಏಜೆಂಟರು ನೋಂದಾಯಿತರೇ ಎಂಬುದನ್ನೂ ಅದೇ ಜಾಲತಾಣದಲ್ಲಿ ನೋಡಬಹುದು. ‘ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ’ ಎನ್ನುವ ಏಜೆಂಟರಿಂದ ದೂರವಿರಿ.

ಕುವೈತ್ ತಲುಪಿದ ಕೂಡಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸುವಂತೆ ಹೇಳಿ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಲುಕಿದ್ದು, ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಅಲ್ಲಿಂದ ಕರೆತಂದದ್ದು ಜಿಲ್ಲೆಯವರಿಗೆ ನೆನಪಿರಬಹುದು. ಯಾರು ಎಲ್ಲಿದ್ದಾರೆಂಬ ಪಟ್ಟಿ ಕೈಯಲ್ಲಿದ್ದರೆ ಇಂಥ ಹೊತ್ತಿನಲ್ಲಿ ಹುಡುಕಾಟ ಬೇಗ ಮುಗಿಯುತ್ತದೆ. ಒಪ್ಪಂದ, ವೀಸಾ, ಪಾಸ್‌ಪೋರ್ಟ್ ಪ್ರತಿಗಳೂ ವಿಮೆಯ ಸಂಖ್ಯೆಯೂ ಮನೆಯಲ್ಲಿರಲಿ. ಅಲ್ಲಿ ಏನಾದರೂ ತೊಂದರೆಯಾದರೆ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ನೀವು ರಿಪ್ಪನ್‌ಪೇಟೆಯಿಂದಲೇ ದೂರು ದಾಖಲಿಸಬಹುದು. ಆಗ ಮೊದಲು ಬೇಕಾಗುವುದು ಈ ಕಾಗದಗಳೇ.