ಬಯಾಸ್ ಅಪ್‌ಡೇಟ್: ಹಳೇ ಬೋರ್ಡಿನಲ್ಲಿ ಹೊಸ ಎಸ್‌ಎಸ್‌ಡಿ ಬೂಟ್ ಆಗಬೇಕಾದರೆ

ಹಳೇ ಡೆಸ್ಕ್‌ಟಾಪ್‌ಗೆ ಒಂದು ಅಡಾಪ್ಟರ್ ಕಾರ್ಡ್ ಹಾಕಿ, ಅದರ ಮೇಲೆ ಹೊಸ ಎನ್‌ವಿಎಂಇ (ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಮೂಲಕ ಓಡುವ ವೇಗದ ಬಗೆ) ಎಸ್‌ಎಸ್‌ಡಿ ಕೂರಿಸಿದ್ದೀರಿ ಅಂದುಕೊಳ್ಳಿ. ವಿಂಡೋಸ್ 10 ಆನ್ ಆದ ಮೇಲೆ ಡ್ರೈವ್ ಚೆನ್ನಾಗೇ ಕಾಣುತ್ತದೆ, ಫೈಲ್ ಕಾಪಿಯೂ ಆಗುತ್ತದೆ. ಸರಿ, ಇನ್ನು ವಿಂಡೋಸನ್ನೇ ಇದಕ್ಕೆ ಹಾಕೋಣ ಅಂತ ಹೊರಟರೆ ಬೂಟ್ ಲಿಸ್ಟ್‌ನಲ್ಲಿ ಅದರ ಹೆಸರೇ ಇರೋದಿಲ್ಲ. ಡ್ರೈವ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಒಯ್ಯುವವರು ಜಾಸ್ತಿ. ಡ್ರೈವ್‌ನಲ್ಲಿ ಏನೂ ತಪ್ಪಿಲ್ಲ. ಆ ಡ್ರೈವನ್ನು ಓದೋದು ಹೇಗೆ ಅಂತ ಮದರ್‌ಬೋರ್ಡಿನ ಬಯಾಸ್‌ಗೆ ಗೊತ್ತಿಲ್ಲ, ಅಷ್ಟೇ.

ಬಯಾಸ್ ಅಂದರೆ ಮದರ್‌ಬೋರ್ಡಿನ ಮೇಲಿರುವ ಪುಟ್ಟ ಫ್ಲ್ಯಾಷ್ ಚಿಪ್‌ನಲ್ಲಿ ಕೂತಿರುವ ಪ್ರೋಗ್ರಾಂ. ಚಿಪ್ ಸಾಮಾನ್ಯವಾಗಿ ಎಂಟು ಪಿನ್ನಿನದು, ಅದರ ಜಾಗ ಹೆಚ್ಚಿನ ಬೋರ್ಡುಗಳಲ್ಲಿ 8 ಇಲ್ಲವೇ 16 ಎಂಬಿ. ಪವರ್ ಬಟನ್ ಒತ್ತಿದ ಕೂಡಲೇ ಮೊದಲು ಓಡುವುದು ಇದೇ. ರ‍್ಯಾಮ್, ಕೀಬೋರ್ಡ್, ಡಿಸ್‌ಪ್ಲೇ ಎಲ್ಲವನ್ನೂ ಎಬ್ಬಿಸಿ, ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕ್ ಯಾವುದು ಅಂತ ಹುಡುಕಿ, ಅದರ ಮೊದಲ ತುಣುಕನ್ನು ರ‍್ಯಾಮ್‌ಗೆ ಎತ್ತಿಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಈಗಿನ ಬೋರ್ಡುಗಳಲ್ಲಿ ಇರುವುದು ಯುಇಎಫ್‌ಐ ಅನ್ನುವ ಹೊಸ ಬಗೆ, ಆದರೆ ಮಾತಿನಲ್ಲಿ ಎಲ್ಲರೂ ಬಯಾಸ್ ಅಂತಲೇ ಅನ್ನುತ್ತಾರೆ.

ಸಮಸ್ಯೆ ಇರುವುದು ಆ ಮೊದಲ ತುಣುಕನ್ನು ಎತ್ತಿಕೊಡುವಲ್ಲಿ. ಎನ್‌ವಿಎಂಇ ಡ್ರೈವ್ ಓದುವ ಡ್ರೈವರ್ ಅನ್ನುವ ಪ್ರೋಗ್ರಾಂ ವಿಂಡೋಸ್‌ನಲ್ಲಿ ಇದೆ, ಆದರೆ ವಿಂಡೋಸ್ ಇರುವುದೇ ಆ ಡ್ರೈವ್‌ನೊಳಗೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಆದ್ದರಿಂದ ಬಯಾಸ್‌ಗೂ ತನ್ನದೇ ಒಂದು ಸಣ್ಣ ಎನ್‌ವಿಎಂಇ ಡ್ರೈವರ್ ಬೇಕು. ಬಯಾಸ್ ಅಪ್‌ಡೇಟ್ ಮಾಡಿದರೆ ಹೊಸ ಡ್ರೈವ್‌ಗೆ ಸಪೋರ್ಟ್ ಬರುತ್ತದೆ ಅಂತ ಹೇಳುವುದು ಇದನ್ನೇ.

ಎನ್‌ವಿಎಂಇಯ ಮೊದಲ ಸ್ಪೆಸಿಫಿಕೇಶನ್ ಬಂದದ್ದು 2011ರಲ್ಲಿ. ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಅದರಿಂದ ಬೂಟ್ ಮಾಡುವ ಸೌಲಭ್ಯ ಹರಡಿದ್ದು 2014ರ ಇಂಟೆಲ್ ಝಡ್97, ಎಚ್97 ಚಿಪ್‌ಸೆಟ್‌ನ (ಬೋರ್ಡಿನ ಮುಖ್ಯ ಚಿಪ್) ಕಾಲದಿಂದ, ಅವುಗಳಲ್ಲೂ ಎಷ್ಟೋ ಬೋರ್ಡಿಗೆ ಅಪ್‌ಡೇಟ್ ಮಾಡಿದ ಮೇಲೆಯೇ. ಅದಕ್ಕಿಂತ ಹಿಂದಿನ ಎಚ್61, ಬಿ75, ಎಚ್81 ಥರದ ಬೋರ್ಡುಗಳಿಗೆ ಕಂಪನಿ ಅಪ್‌ಡೇಟ್ ಕೊಟ್ಟಿದ್ದರೆ ನಿಮ್ಮ ಅದೃಷ್ಟ. ಈ ತೊಂದರೆ ಹೊಸದೇನಲ್ಲ. ಹಾರ್ಡ್ ಡಿಸ್ಕ್ 137 ಜಿಬಿ ದಾಟಿದಾಗಲೂ ಹೀಗೇ ಆಗಿತ್ತು: ಸೆಕ್ಟರಿನ ವಿಳಾಸಕ್ಕೆ 28 ಬಿಟ್ ಮಾತ್ರ ಇದ್ದುದರಿಂದ ಅದರಾಚೆಗಿನ ಜಾಗ ಹಳೇ ಬಯಾಸ್‌ಗೆ ಕಾಣುತ್ತಲೇ ಇರಲಿಲ್ಲ, ಆಗಲೂ ಜನ ಬಯಾಸ್ ಅಪ್‌ಡೇಟ್ ಹುಡುಕಿಕೊಂಡು ಹೋಗಿದ್ದರು.

ಇಲ್ಲೊಂದು ಗೊಂದಲ ತೀರಿಸಿಬಿಡೋಣ. ಎಂ.2 ಅನ್ನೋದು ಡ್ರೈವಿನ ಆಕಾರ ಮತ್ತು ಸ್ಲಾಟ್ ಮಾತ್ರ. ಅದೇ ಆಕಾರದಲ್ಲಿ ಸಾಟಾ (ಹಾರ್ಡ್ ಡಿಸ್ಕ್‌ಗೂ ಬಳಸುವ ಹಳೇ ಬಗೆಯ ಕನೆಕ್ಷನ್) ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಸ್ಲಾಟಿಗೆ ಸಾಟಾ ಲೈನ್ ಮಾತ್ರ ಎಳೆದಿದ್ದರೆ ಯಾವ ಬಯಾಸ್ ಹಾಕಿದರೂ ಅಲ್ಲಿ ಎನ್‌ವಿಎಂಇ ಓಡುವುದಿಲ್ಲ. ಕೊಳ್ಳುವ ಮುಂಚೆ ಬೋರ್ಡಿನ ಮ್ಯಾನ್ಯುಯಲ್ ತೆಗೆದು ನೋಡಿ.

ಸ್ಪೀಡ್ ವಿಷಯವೂ ಅಷ್ಟೇ. ಅಪ್‌ಡೇಟ್‌ನಿಂದ ಡ್ರೈವ್ ಬೂಟ್ ಆಗಬಹುದು, ಸ್ಲಾಟ್ ಅಗಲ ಆಗುವುದಿಲ್ಲ. ಎಚ್81 ಬೋರ್ಡಿನ ದೊಡ್ಡ ಸ್ಲಾಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಸಾಮಾನ್ಯವಾಗಿ ಉಳಿಯುವುದು ಪಿಸಿಐ ಎಕ್ಸ್‌ಪ್ರೆಸ್ 2.0ರ ಒಂದೇ ಲೇನಿನ (ಡೇಟಾ ಓಡಾಡುವ ದಾರಿ) ಚಿಕ್ಕ ಸ್ಲಾಟ್, ಅದರ ಗರಿಷ್ಠ ಮಿತಿಯೇ ಸೆಕೆಂಡಿಗೆ 500 ಎಂಬಿ. ಮಾಮೂಲಿ ಸಾಟಾ ಎಸ್‌ಎಸ್‌ಡಿ 550 ಎಂಬಿವರೆಗೆ ಕೊಡುತ್ತದೆ. ಅಂಥ ಕಡೆ ಎನ್‌ವಿಎಂಇಗೆ ದುಡ್ಡು ಹಾಕಬೇಡಿ, ಸಾಟಾ ತಗೊಳ್ಳಿ, ಬಯಾಸ್ ಮುಟ್ಟುವ ಗೋಜೇ ಇಲ್ಲ. ಬರೀ ಫೋಟೋ, ವಿಡಿಯೋ ಇಡೋಕೆ ಎರಡನೇ ಡ್ರೈವ್ ಆಗಿ ಎನ್‌ವಿಎಂಇ ಬೇಕು ಅನ್ನುವವರಿಗೂ ಅಪ್‌ಡೇಟ್ ಬೇಡ.

ಬೇಕೇ ಬೇಕು ಅಂದರೆ ಮೊದಲು ಬೋರ್ಡ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಬೋರ್ಡಿನ ಹೆಸರು, ಈಗಿನ ಬಯಾಸ್ ವರ್ಶನ್ ಎರಡೂ ಇರುತ್ತವೆ. ಆದರೆ ಒಂದೇ ಹೆಸರಿನ ಬೋರ್ಡಿಗೆ ರೆವ್ 1.0, ರೆವ್ 2.0 ಅಂತ ಬೇರೆ ಬೇರೆ ಇರಬಹುದು, ಎಷ್ಟೋ ಕಡೆ ಅವುಗಳ ಬಯಾಸ್ ಫೈಲೂ ಬೇರೆ. ಕ್ಯಾಬಿನೆಟ್ ಬಿಚ್ಚಿ ಬೋರ್ಡಿನ ಮೇಲೆ ಪ್ರಿಂಟ್ ಆಗಿರುವುದನ್ನು ಕಣ್ಣಾರೆ ನೋಡಿ. ಕಂಪನಿಯ ಸೈಟ್‌ನಲ್ಲಿ ಆ ಬೋರ್ಡಿನ ಪೇಜ್‌ಗೇ ಹೋಗಿ, ಪ್ರತಿ ಅಪ್‌ಡೇಟ್‌ನ ಕೆಳಗೆ ಬರೆದಿರುವ ವಿವರ ಓದಿ, ಎನ್‌ವಿಎಂಇ ಸಪೋರ್ಟ್ ಸೇರಿಸಿದ್ದೇವೆ ಅಂತ ಎಲ್ಲಾದರೂ ಇದೆಯಾ ಅಂತ ಹುಡುಕಿ. ಇಲ್ಲದಿದ್ದರೆ ಸುಮ್ನೆ ಹೊಸ ವರ್ಶನ್ ಅಂತ ಹಾಕಿ ಪ್ರಯೋಜನವಿಲ್ಲ.

ಇದ್ದರೆ ಫೈಲನ್ನು ಅನ್‌ಜಿಪ್ ಮಾಡಿ, ಫ್ಯಾಟ್32 ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್‌ನೊಳಗಿನ ಟೂಲ್‌ನಿಂದಲೇ ಅಪ್‌ಡೇಟ್ ಮಾಡಿ. ಏಸಸ್‌ನಲ್ಲಿ ಅದರ ಹೆಸರು ಈಝೀ ಫ್ಲ್ಯಾಷ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಷ್, ಎಂಎಸ್‌ಐನಲ್ಲಿ ಎಂ-ಫ್ಲ್ಯಾಷ್. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಆ ಎರಡು ಮೂರು ನಿಮಿಷದಲ್ಲಿ ಕರೆಂಟ್ ಹೋದರೆ ಚಿಪ್‌ನಲ್ಲಿ ಅರ್ಧ ಹಳೇದು ಅರ್ಧ ಹೊಸದು ಉಳಿದು ಬೋರ್ಡ್ ಆನ್ ಆಗದೇ ಹೋಗಬಹುದು. ಹಾಗಾದರೂ ಬೋರ್ಡ್ ಸತ್ತಿತು ಅಂತ ಬಿಸಾಡಬೇಕಿಲ್ಲ. ಚಿಪ್ ಲೆವೆಲ್ ರಿಪೇರಿ ಮಾಡುವವರು ಸಿಎಚ್341ಎ ಥರದ ಪ್ರೋಗ್ರಾಮರ್ ಅನ್ನುವ ಸಾಧನದಿಂದ ಚಿಪ್‌ಗೆ ನೇರವಾಗಿ ಫೈಲ್ ಬರೆದುಕೊಡುತ್ತಾರೆ. ಅಂದ ಹಾಗೆ, ಬೋರ್ಡಿನ ದುಂಡನೆಯ ಬ್ಯಾಟರಿ ತೆಗೆದು ಹಾಕಿದರೆ ಸೆಟ್ಟಿಂಗ್ಸ್ ಮಾತ್ರ ರೀಸೆಟ್ ಆಗುತ್ತವೆ, ಬಯಾಸ್ ವರ್ಶನ್ ಬದಲಾಗುವುದಿಲ್ಲ.

ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗ್ಸ್ ಸಾಮಾನ್ಯವಾಗಿ ಡೀಫಾಲ್ಟ್‌ಗೆ ಹೋಗುತ್ತವೆ. ಸಾಟಾ ಮೋಡ್ ಬದಲಾಗಿ ಹಳೇ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸಬಹುದು, ಆದ್ದರಿಂದ ಮೊದಲೇ ಎಲ್ಲ ಪೇಜುಗಳನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು, ಅಪ್‌ಡೇಟ್ ಮುಗಿಯುವ ತನಕ ಅದನ್ನು ಸಸ್ಪೆಂಡ್ ಮಾಡಿಡಿ. ಆಮೇಲೆ ವಿಂಡೋಸನ್ನು ಯುಇಎಫ್‌ಐ ಮೋಡ್‌ನಲ್ಲಿ, ಜಿಪಿಟಿ (ಡಿಸ್ಕನ್ನು ಭಾಗ ಮಾಡುವ ಹೊಸ ವಿಧಾನ) ಪಾರ್ಟಿಶನ್ ಮೇಲೆ ಇನ್‌ಸ್ಟಾಲ್ ಮಾಡಬೇಕು. ಹಳೇ ಬಯಾಸ್ ರೀತಿಯ ಲೆಗಸಿ ಮೋಡ್‌ನಲ್ಲಿ ಹಾಕಿದರೆ ಅಪ್‌ಡೇಟ್ ಮಾಡಿಯೂ ಡ್ರೈವ್ ಬೂಟ್ ಆಗದೇ ಇರಬಹುದು. ಬಹಳ ಜನ ಎಡವುವುದು ಇಲ್ಲೇ.

ಕಂಪನಿ ಅಪ್‌ಡೇಟ್ ಕೊಟ್ಟೇ ಇಲ್ಲ ಅಂದರೆ? ಯುಇಎಫ್‌ಐಟೂಲ್ ಅನ್ನುವ ಸಾಫ್ಟ್‌ವೇರ್ ಬಳಸಿ ಬಯಾಸ್ ಫೈಲಿಗೆ ಎನ್‌ವಿಎಂಇ ಡ್ರೈವರ್ ಸೇರಿಸುವವರು ಇದ್ದಾರೆ. ಅದು ಕೆಲಸ ಮಾಡುತ್ತದೆ ನಿಜ, ಆದರೆ ಪ್ರೋಗ್ರಾಮರ್ ಕೈಯಲ್ಲಿಲ್ಲದೆ ಅದಕ್ಕೆ ಇಳಿಯಬೇಡಿ. ಲಿನಕ್ಸ್ ಬಳಸುವವರಿಗೆ ಸುಲಭದ ದಾರಿ ಇದೆ: ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಮ್ ಶುರು ಮಾಡುವ ಪ್ರೋಗ್ರಾಂ) ಮತ್ತು ಬೂಟ್ ಪಾರ್ಟಿಶನ್ ಸಾಟಾ ಡಿಸ್ಕ್‌ನಲ್ಲಿ, ಉಳಿದದ್ದೆಲ್ಲ ಎನ್‌ವಿಎಂಇಯಲ್ಲಿ. ವಿಂಡೋಸ್‌ಗೆ ಇದು ಆಗದು, ಯಾಕೆಂದರೆ ಅದರ ಬೂಟ್ ಮ್ಯಾನೇಜರ್ ಡಿಸ್ಕ್ ಓದುವುದಕ್ಕೆ ಬಯಾಸನ್ನೇ ನಂಬಿಕೊಂಡಿದೆ. ವಿಂಡೋಸೇ ಬೇಕಾದರೆ ಕ್ಲೋವರ್ ಅನ್ನುವ ಬೂಟ್‌ಲೋಡರನ್ನು ಎನ್‌ವಿಎಂಇ ಡ್ರೈವರ್ ಸಮೇತ ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಶುರು ಮಾಡಬಹುದು. ಬಯಾಸ್‌ಗೆ ಕೈ ಹಚ್ಚುವ ಪ್ರಮೇಯವೇ ಬರೋದಿಲ್ಲ, ಆದರೆ ಆ ಪೆನ್‌ಡ್ರೈವ್ ಸದಾ ಸಿಕ್ಕಿಸಿಯೇ ಇರಬೇಕು.