ಬೆನ್ನಡಿಯ ಪುಕ್ಕ ಯಾರಿಗೆ ಬೇಕು?

ಮೈಸೂರು, ಮಂಡ್ಯ ಕಡೆಯವರಿಗೆ ಚಳಿ ಅಂದರೆ ಡಿಸೆಂಬರ್ ಬೆಳಗಿನ ಜಾವಕ್ಕೆ ಇನ್ನೊಂದು ರಗ್ಗು ಎಳೆದುಕೊಳ್ಳುವಷ್ಟು. ಹಾಗಾಗಿ ಉತ್ತರಾಖಂಡದ ಕೇದಾರಕಂಠದಂಥ ಹಿಮಾಲಯದ ಟ್ರೆಕ್ಕಿಗೆ ಹೊರಟಾಗ ಗಾಬರಿಯಾಗಿ, ಅಂಗಡಿಯಲ್ಲಿ ಕೈಗೆ ಭಾರವಾಗಿ ಸಿಗುವ ಸ್ಲೀಪಿಂಗ್ ಬ್ಯಾಗನ್ನೇ ಆರಿಸುತ್ತೇವೆ. ಭಾರ ಇದ್ದರೆ ಬೆಚ್ಚಗಿರುತ್ತದೆ ಅನ್ನುವ ಲೆಕ್ಕ ಅದು.

ಹೊದಿಕೆ ತಾನೇ ಬಿಸಿ ಹುಟ್ಟಿಸುವುದಿಲ್ಲ. ಸುಮ್ನೆ ಮಲಗಿದ ಮೈಯಿಂದ 70–80 ವ್ಯಾಟ್ ಶಾಖ ಹೊರಬರುತ್ತಿರುತ್ತದೆ. ಅದನ್ನು ತಡೆದು ಹಿಡಿಯುವುದು ಎಳೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ನಿಂತ ಗಾಳಿ. ಗಾಳಿಗೆ ತೂಕವೇ ಇಲ್ಲವೆನ್ನಬಹುದು. ಕಡಿಮೆ ತೂಕದ ಎಳೆಗಳಿಂದ ಜಾಸ್ತಿ ಗಾಳಿ ಹಿಡಿಸಿದರೆ ಗೆದ್ದಂತೆ.

ಈ ಕೆಲಸದಲ್ಲಿ ಹೆಬ್ಬಾತು, ಬಾತುಕೋಳಿಗಳ ಎದೆಯ ಮೆತ್ತನೆ ಪುಕ್ಕವನ್ನು ಮೀರಿಸುವುದು ಕಷ್ಟ. ಅದನ್ನು ‘ಡೌನ್’ ಅನ್ನುತ್ತಾರೆ. ಲೇಬಲ್ ಮೇಲೆ ಫಿಲ್ ಪವರ್ 800 ಎಂದಿದ್ದರೆ, 28 ಗ್ರಾಂ ಪುಕ್ಕ ಸುಮಾರು 13 ಲೀಟರ್ ಜಾಗಕ್ಕೆ ಉಬ್ಬುತ್ತದೆ ಎಂದರ್ಥ. 600 ಆದರೆ ಹತ್ತು ಲೀಟರೂ ತುಂಬುವುದಿಲ್ಲ. ಅಷ್ಟೇ ದಪ್ಪ ಬೇಕೆಂದರೆ ಮೂರನೇ ಒಂದು ಭಾಗ ಜಾಸ್ತಿ ಪುಕ್ಕ ಹೊರಬೇಕು.

ಈಗ ಆ ಬ್ಯಾಗಿನೊಳಗೆ ಮಲಗಿ ನೋಡಿ. ಬೆನ್ನ ಕೆಳಗಿನ ಪುಕ್ಕವೆಲ್ಲ ಮೈಭಾರಕ್ಕೆ ಚಪ್ಪಟೆ. ಗಾಳಿ ಹೊರಟುಹೋಯಿತು, ಅದರ ಜೊತೆ ಶಾಖವೂ ಹೋಯಿತು. ದುಡ್ಡು ಕೊಟ್ಟು, ಬೆನ್ನ ಮೇಲೆ ಹೊತ್ತು ತಂದ ಪುಕ್ಕ ಅಲ್ಲಿ ಹೆಚ್ಚುಕಮ್ಮಿ ದಂಡ. ಕ್ವಿಲ್ಟ್ ಹುಟ್ಟಿದ್ದು ಇಲ್ಲಿಂದ. ಅಡಿಭಾಗವನ್ನೂ ಜಿಪ್ಪನ್ನೂ ತೆಗೆದುಹಾಕಿ, ಮೇಲಷ್ಟೇ ಹೊದೆಯುವುದು. ಅಷ್ಟೇ ಬೆಚ್ಚಗಿನ ಬ್ಯಾಗಿಗಿಂತ ಎಷ್ಟೋ ಹಗುರ.

ಆದರೆ ಬೆನ್ನ ಕೆಳಗೆ ಒಳ್ಳೇ ಮ್ಯಾಟ್ ಇಲ್ಲದೆ ಕ್ವಿಲ್ಟ್ ಕೊಳ್ಳಬೇಡಿ. ನೆಲ ರಾತ್ರಿಯಿಡೀ ಶಾಖ ಹೀರುತ್ತಲೇ ಇರುತ್ತದೆ. ಮ್ಯಾಟಿನ ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಅಂಕಿಯಲ್ಲಿ ಹೇಳುತ್ತಾರೆ. ಸಾಧಾರಣ ಫೋಮ್ ಮ್ಯಾಟಿನದು 2ರ ಆಸುಪಾಸು. ನಮ್ಮ ಬೆಟ್ಟಗಳಿಗೆ ಧಾರಾಳ ಸಾಕು, ಹಿಮದ ಮೇಲೆ ಸಾಲದು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಅಂಕಿಗಳನ್ನು ನೇರವಾಗಿ ಕೂಡಿಸಬಹುದು. ನಿದ್ದೆಯಲ್ಲಿ ಹೊರಳಾಡುವವರಿಗೆ ಕ್ವಿಲ್ಟಿನ ಪಕ್ಕದಿಂದ ಗಾಳಿ ನುಗ್ಗುತ್ತದೆ, ಮ್ಯಾಟಿಗೆ ಬಿಗಿಯುವ ಪಟ್ಟಿ ಇರಲೇಬೇಕು.

ಲೇಬಲ್ಲಿನ ಡಿಗ್ರಿ ನಂಬಬಹುದಾ? ಐಎಸ್ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಬಿಸಿ ಮಾಡಿದ ಬೊಂಬೆಯನ್ನು ಒಳಗೆ ಮಲಗಿಸಿ ಅಳೆದಿದ್ದರೆ ನಂಬಬಹುದು. ಅದರಲ್ಲಿ, ಇಷ್ಟು ಚಳಿಯವರೆಗೆ ಹಾಯಾಗಿ ನಿದ್ದೆ ಬರುತ್ತದೆ ಅನ್ನುವ ‘ಕಂಫರ್ಟ್’ ಅಂಕಿಯನ್ನಷ್ಟೇ ನೋಡಿ. ‘ಲಿಮಿಟ್’ ಅಂದರೆ ಗಂಡಸೊಬ್ಬ ಮುದುರಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ. ‘ಎಕ್ಸ್‌ಟ್ರೀಮ್’ ಅನ್ನುವುದು ಆರು ಗಂಟೆ ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯ ಮಾತೇ ಇಲ್ಲ. ಕೆಲವು ಅಂಗಡಿಗಳು ದೊಡ್ಡದಾಗಿ ತೋರಿಸುವುದು ಇದನ್ನೇ!

ಒಂದು ಕಿಲೋಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮೈಸೂರು ಇರುವುದು 770 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ 1,930ರ ಹತ್ತಿರ. ನಮ್ಮಲ್ಲಿ 16 ಡಿಗ್ರಿ ಇದ್ದ ರಾತ್ರಿ ಆ ಎತ್ತರದಲ್ಲಿ ಎಂಟೊಂಬತ್ತು. ಅದಕ್ಕೆ 5 ಡಿಗ್ರಿ ಕಂಫರ್ಟ್‌ನ ಹೊದಿಕೆ ಸಾಕು. ಕೇದಾರಕಂಠ 3,800 ಮೀಟರ್, ಅದೂ ಉತ್ತರದಲ್ಲಿ. ಚಳಿಗಾಲದಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ. ಎರಡಕ್ಕೂ ಒಂದೇ ಬ್ಯಾಗ್ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಹಿಮಾಲಯಕ್ಕೆ ಅಪರೂಪಕ್ಕೆ ಹೋಗುವವರು ಅಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಆಯಿತಲ್ವಾ?

ಘಟ್ಟದ ತೇವಕ್ಕೆ ಮಾತ್ರ ಡೌನ್ ಹೆದರುತ್ತದೆ. ನೆಂದರೆ ಉಂಡೆ ಕಟ್ಟುತ್ತದೆ, ಗಾಳಿ ಇದ್ದ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಕೊಡಗಿನ ಮಳೆಗೆ ಸಿಂಥೆಟಿಕ್ ವಾಸಿ, ಸ್ವಲ್ಪ ತೂಕ ಹೆಚ್ಚಾದರೂ. ಕಂಬಳಿಯೂ ತನ್ನ ತೂಕದ ಮೂವತ್ತು ಪರ್ಸೆಂಟಿನಷ್ಟು ತೇವ ಹೀರಿಯೂ ಬೆಚ್ಚಗಿರುತ್ತದೆ, ಆದರೆ ಹೊರುವವರು ಬೇಕು. (ಬನ್ನೂರು ಕುರಿಯನ್ನು ನೆನಪಿಸಿಕೊಳ್ಳಬೇಡಿ. ಅದರ ಹೆಸರು ಮಾಂಸಕ್ಕೆ, ಮೈಮೇಲಿರುವುದು ಒರಟು ಕೂದಲು.)

ಮನೆಗೆ ಬಂದ ಮೇಲೆ ಹೊದಿಕೆಯನ್ನು ಅದರ ಪುಟ್ಟ ಚೀಲದಲ್ಲೇ ತುರುಕಿ ಇಡಬೇಡಿ. ತಿಂಗಳುಗಟ್ಟಲೆ ಅಮುಕಿದ ಪುಕ್ಕ ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿ ಹಾಕಿ, ಬೀರುವಿನ ಮೇಲಿಟ್ಟರೆ ಸಾಕು.