ನೈಸರ್ಗಿಕ ಸಂಯುಕ್ತ: ಕಷಾಯದ ಆಚೆಗಿನ ಮದ್ದು

ಗಿಡ, ಬೂಷ್ಟು, ಬ್ಯಾಕ್ಟೀರಿಯಾಗಳು ತಮ್ಮೊಳಗೇ ತಯಾರಿಸಿಕೊಳ್ಳುವ ರಾಸಾಯನಿಕವನ್ನು ನೈಸರ್ಗಿಕ ಸಂಯುಕ್ತ ಅನ್ನುತ್ತಾರೆ. ಮೈಸೂರಿನ ಗ್ರಂಧಿಗೆ ಅಂಗಡಿಯಿಂದ ನೆಲಬೇವು ತಂದು ಕುದಿಸಿದರೆ ಇಂಥವು ಹಲವು ಒಟ್ಟಿಗೆ ನೀರಿಗೆ ಇಳಿಯುತ್ತವೆ. ಔಷಧಿ ಹುಡುಕುವವರಿಗೆ ಅಷ್ಟು ಸಾಲದು. ಕೆಲಸ ಮಾಡುವ ಅಣು ಯಾವುದು, ಎಷ್ಟು ಕೊಟ್ಟರೆ ಸಾಕು, ಎಷ್ಟಾದರೆ ವಿಷ, ಇದೆಲ್ಲ ಗೊತ್ತಾಗಬೇಕು.

ಕುದಿಸಿದರೆ ಸಾರವೆಲ್ಲ ಬರುತ್ತೆ ಅನ್ನೋದು ನಮ್ಮ ನಂಬಿಕೆ, ಅಲ್ವಾ? ಚೀನಾದ ವಿಜ್ಞಾನಿ ತು ಯೂಯೂ ಅವರಿಗೆ ಆಗಿದ್ದು ಉಲ್ಟಾ. ಮಲೇರಿಯಾಕ್ಕೆ ಮದ್ದು ಹುಡುಕುತ್ತಾ ಆರ್ಟಿಮಿಸಿಯಾ ಗಿಡ ಹಿಡಿದರು. ಫಲಿತಾಂಶ ಒಮ್ಮೆ ಬಂದಂತೆ ಇನ್ನೊಮ್ಮೆ ಬರಲಿಲ್ಲ. ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕು ಅಂತ 4ನೇ ಶತಮಾನದ ವೈದ್ಯಗ್ರಂಥವೊಂದರಲ್ಲಿ ಇತ್ತು. ಕುದಿಸುವ ಮಾತೇ ಇಲ್ಲ. ಬಿಸಿಗೆ ಸತ್ವ ಹಾಳಾಗುತ್ತಿರಬಹುದು ಅಂತ ಅವರಿಗೆ ಹೊಳೆಯಿತು. 1971ರಲ್ಲಿ ಕಡಿಮೆ ಬಿಸಿಯಲ್ಲೇ ಆವಿಯಾಗುವ ಈಥರ್ ಬಳಸಿ ಸಾರ ತೆಗೆದರು, ಮದ್ದು ಕೆಲಸ ಮಾಡಿತು. ಅದರಿಂದ ಸಿಕ್ಕಿದ್ದೇ ಆರ್ಟಿಮಿಸಿನಿನ್.

ಇನ್ನೊಂದು ಮದ್ದು ಮಂಡ್ಯದ ಕುರಿಗಾಹಿಗಳಿಗೂ ಗೊತ್ತು. ಮಳವಳ್ಳಿ ಕಡೆ ಬಂಡೂರು ಕುರಿ ಬಡಕಲಾಗಿ ದವಡೆ ಕೆಳಗೆ ನೀರು ತುಂಬಿದರೆ, ಹೊಟ್ಟೆಹುಳ ಅಂತ ಗುಮಾನಿ. ಆಗ ಕೊಡುವ ಮದ್ದುಗಳಲ್ಲಿ ಐವರ್‌ಮೆಕ್ಟಿನ್ ಒಂದು. ಇದರ ಮೂಲ ಗಿಡವಲ್ಲ, ಜಪಾನಿನ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ. ಅದನ್ನು ಬೇರ್ಪಡಿಸಿದವರು ಸತೋಶಿ ಓಮುರಾ. ಅದರ ಸಾರಕ್ಕೆ ಹುಳ ಸಾಯುತ್ತೆ ಅಂತ ಅಮೆರಿಕದಲ್ಲಿ ತೋರಿಸಿಕೊಟ್ಟವರು ವಿಲಿಯಂ ಕ್ಯಾಂಪ್‌ಬೆಲ್. 2015ರ ವೈದ್ಯಕೀಯ ನೊಬೆಲ್ ಇವರಿಬ್ಬರ ಜೊತೆ ತು ಯೂಯೂ ಅವರಿಗೂ ಬಂತು.

ಪರಾವಲಂಬಿಗೆ ಮದ್ದು ಮಾಡೋದು ಕಷ್ಟ. ಹುಳದ ಜೀವಕೋಶಕ್ಕೂ ನಮ್ಮದಕ್ಕೂ ಹೋಲಿಕೆ ಜಾಸ್ತಿ, ಅದನ್ನು ಕೊಲ್ಲುವುದು ನಮಗೂ ತಟ್ಟಬಹುದು. ಐವರ್‌ಮೆಕ್ಟಿನ್ ಹಿಡಿಯುವುದು ಹುಳದ ನರ, ಸ್ನಾಯುಗಳಲ್ಲಿರುವ ಒಂದು ಬಗೆಯ ಚಾನೆಲನ್ನು, ಅಂದರೆ ಜೀವಕೋಶದ ಪೊರೆಯಲ್ಲಿರುವ ಪುಟ್ಟ ಬಾಗಿಲನ್ನು. ಆ ಬಗೆ ಕುರಿಗೂ ಇಲ್ಲ, ಮನುಷ್ಯರಿಗೂ ಇಲ್ಲ. ಹುಳಕ್ಕೆ ಲಕ್ವ ಹೊಡೆಯುತ್ತೆ, ಕುರಿ ಮೇಯುತ್ತಿರುತ್ತೆ. ಕುರಿಗೆ ಬೇಕಾದದ್ದು ಕಿಲೋ ತೂಕಕ್ಕೆ ಬರೀ 0.2 ಮಿಲಿಗ್ರಾಂ.

ನೈಸರ್ಗಿಕ ಅಂದ ಮಾತ್ರಕ್ಕೆ ಗಿಡದಲ್ಲಿದ್ದಂತೇ ಕೊಡುತ್ತಾರೆ ಅಂತಲ್ಲ. ಆರ್ಟಿಮಿಸಿನಿನ್ ನೀರಲ್ಲಿ ಸರಿಯಾಗಿ ಕರಗದು. ಹಾಗಾಗಿ ಅದನ್ನು ಲ್ಯಾಬ್‌ನಲ್ಲಿ ಸ್ವಲ್ಪ ತಿದ್ದಿ ಆರ್ಟಿಸುನೇಟ್ ಮಾಡುತ್ತಾರೆ. ತೀವ್ರ ಮಲೇರಿಯಾ ರೋಗಿಗೆ ಇಂಜೆಕ್ಷನ್ ಕೊಡುವುದು ಇದನ್ನೇ. ಮಾತ್ರೆಯಾದರೆ ಇನ್ನೊಂದು ಮದ್ದಿನ ಜೊತೆಗೇ ಕೊಡುತ್ತಾರೆ, ಒಂದನ್ನೇ ಕೊಟ್ಟರೆ ರೋಗಾಣು ಅದಕ್ಕೆ ಬೇಗ ಒಗ್ಗಿಬಿಡುತ್ತದೆ.